ಮೂರು ಬೀಗದ ಪೆಟ್ಟಿಗೆ

ಪೆಟ್ಟಿಗೆ ನನ್ನ ಮಂಚದ ಕೆಳಗಿದೆ.
ನೀಲಿ ತಗಡು, ಕಾವಿಗೆ ಕೂತ ಕೋಳಿಯಷ್ಟು ಎತ್ತರ,
ಮುಖಕ್ಕೆ ಮೂರು ಬೀಗ.
ಒಂದರ ಕೀಲಿ ಫಲೇಸಿಯ ಸೊಂಟದಲ್ಲಿ,
ಒಂದರದು ಎಸ್ನಾತಳ ಉಪ್ಪಿನ ಡಬ್ಬದಲ್ಲಿ,
ಮೂರನೆಯದು ಹಳ್ಳದಾಚೆ, ಲಿಗಿನೆಟಿಯ ಮನೆಯಲ್ಲೆಲ್ಲೋ,
ಎಲ್ಲೆಂದು ಗಂಡನಿಗೂ ಹೇಳಿಲ್ಲವಂತೆ.
ನನ್ನ ಪಾಲಿಗೆ ಭಾರ ಮಾತ್ರ.
ಇವಳ ನಿದ್ದೆ ತೆಳು, ಇವಳಲ್ಲೇ ಇರಲಿ ಅಂದರು.
ಹಸಿದವಳ ನಿದ್ದೆ ದಪ್ಪ ಇರುವುದುಂಟೆ?

ಗುರುವಾರ ಮಾವಿನ ಮರದಡಿ ಇಪ್ಪತ್ತೆರಡು ಹೆಂಗಸರು.
ಬೀಗಕ್ಕಿಂತ ಮೊದಲು ನೆನಪು ತೆರೆಯಬೇಕು:
ಹೋದ ವಾರ ಒಳಗೆ ಎಷ್ಟಿತ್ತು?
ಎಲ್ಲರೂ ಒಟ್ಟಿಗೆ ಹೇಳುತ್ತೇವೆ, ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ.
ಆಮೇಲೆ ಟಕ್, ಟಕ್,
ಲಿಗಿನೆಟಿಯ ಬೀಗಕ್ಕೆ ತುಕ್ಕು, ಸ್ವಲ್ಪ ತಡೆದು ಟಕ್.
ಪಾಲು ಕಟ್ಟಿದವಳ ಪುಸ್ತಕಕ್ಕೆ ಮೀನಿನ ಮುದ್ರೆ.
ಅಕ್ಷರ ಬಾರದಿದ್ದರೇನು,
ಸರೋವರದ ದಂಡೆಯವರಿಗೆ ಮೀನೆಣಿಸಲು ಬಾರದೆ?

ನಮ್ಮ ದುಡ್ಡಿನ ಹೆಸರು ಕ್ವಾಚಾ. ಬೆಳಗಾಯಿತು ಎಂದರ್ಥ.
ಅದರ ಚಿಲ್ಲರೆ ತಂಬಾಲಾ, ಅಂದರೆ ಹುಂಜ.
ನೂರು ಹುಂಜ ಸೇರಿದರೆ ಒಂದು ಬೆಳಗು.
ಈಗ ಹುಂಜಗಳನ್ನು ಯಾರೂ ಮುಟ್ಟುವುದಿಲ್ಲ,
ಬೆಳಗೂ ಅಗ್ಗವಾಗಿದೆ.
ಐವತ್ತು ಸಾವಿರ ಬೆಳಗು ಎಣಿಸಿ ಕೈಗಿತ್ತರು,
ನನ್ನ ಮೊದಲ ಸಾಲ.

ಹಿಟ್ಟು, ಎಣ್ಣೆ, ಸಕ್ಕರೆ, ಚಿಟಿಕೆ ಯೀಸ್ಟ್,
ತಳ ತೂತಿಲ್ಲದ ಬಾಣಲೆ.
ಸಲೀಮಾದ ಮಿನಿಬಸ್ ನಿಲ್ದಾಣದಲ್ಲಿ ನಾನೂ ನನ್ನ ಮಂಡಾಸಿಯೂ.
ಹಿಟ್ಟಿನುಂಡೆ ಎಣ್ಣೆಗಿಳಿದು ತಾನೇ ಊದಿ, ತಾನೇ ಮಗ್ಗುಲಾಗುತ್ತದೆ,
ಹೊಟ್ಟೆ ತುಂಬಿದ ಮಗುವಿನಂತೆ.
ಮೊದಲ ದಿನ ಹೊರಗೆ ಕಪ್ಪು, ಒಳಗೆ ಹಸಿ.
ಹದಿಮೂರು ಉಳಿದವು; ನಮ್ಮ ಮಕ್ಕಳಿಗೆ ಹಬ್ಬ.
ಹತ್ತನೇ ದಿನ ಕಂಡಕ್ಟರ್ ಹುಡುಗ ಹೆಸರು ಹಿಡಿದು ಕೂಗಿದ,
ಝಿಯೋನೆ, ಎರಡು!
ನನ್ನ ಹೆಸರಿಗೊಂದು ಬೆಲೆ ಬಂದದ್ದು ಅವತ್ತು.

ಕಟಾಪಿಲನ ಹತ್ತಿರ ಹೋಗಿದ್ದರೆ ಹತ್ತಕ್ಕೆ ಇಪ್ಪತ್ತು ಕಕ್ಕಬೇಕು.
ಇಲ್ಲೂ ಬಡ್ಡಿ ಇದೆ, ಸುಳ್ಳು ಹೇಳಲಾರೆ, ನೂರಕ್ಕೆ ಹತ್ತು.
ಆದರೆ ಅದು ಮತ್ತೆ ಇದೇ ಪೆಟ್ಟಿಗೆಗೆ ಬೀಳುತ್ತದೆ,
ವರ್ಷದ ಕೊನೆಗೆ ನನ್ನ ಬೆವರು ನನಗೇ ಸ್ವಲ್ಪ ವಾಪಸು.

ಫೆಬ್ರವರಿಯಲ್ಲಿ ಸೇತುವೆ ಕೊಚ್ಚಿಹೋಯಿತು.
ಬಸ್ಸಿಲ್ಲ, ಗಿರಾಕಿಯಿಲ್ಲ.
ನನ್ನ ಕಂತು ಫಲೇಸಿ ಕಟ್ಟಿದಳು.
ಕಟ್ಟಿ, ನನ್ನ ಜೊತೆ ಮಾತು ಬಿಟ್ಟಳು.
ದಯೆಗೂ ಇಷ್ಟು ಗಂಟುಮೋರೆ ಇರುತ್ತದೆಂದು ಯಾರು ಹೇಳಿದ್ದರು?

ಆ ದಿನಗಳಲ್ಲೇ ಒಂದು ರಾತ್ರಿ ಕಿರಿಯವನ ಮೈ ಕೆಂಡ.
ಸೈಕಲ್ ಟ್ಯಾಕ್ಸಿಗೆ, ಮಾತ್ರೆಗೆ, ಕೈಯಲ್ಲಿ ಕಾಸಿಲ್ಲ;
ಮಂಚದ ಕೆಳಗೆ ಮೂರು ಲಕ್ಷ.
ಒನಕೆ ಮೂಲೆಯಲ್ಲೇ ಇತ್ತು.
ಪೆಟ್ಟಿಗೆ ಎಳೆದೆ, ಬೆನ್ನು ತಿರುಗಿಸಿದೆ.
ಮುಂದೆ ಬೀಗ ಮೂರು, ಹಿಂದೆ ಕೀಲು ಒಂದೇ,
ಅದೂ ಸಡಿಲ, ಉಗುರಿಗೆ ಅಲುಗುವಷ್ಟು.

ಎಷ್ಟು ಹೊತ್ತು ಕೂತಿದ್ದೆನೋ.
ಆಮೇಲೆ ಮಗುವನ್ನು ಚಿತೆಂಜೆಯಲ್ಲಿ ಬೆನ್ನಿಗೆ ಕಟ್ಟಿ,
ಪೆಟ್ಟಿಗೆ ತಲೆಗೇರಿಸಿ,
ಮಾತು ಬಿಟ್ಟವಳ ಬಾಗಿಲಿಗೆ ಹೋದೆ.
ಫಲೇಸಿ ಏನೂ ಕೇಳಲಿಲ್ಲ, ಸೊಂಟ ತಡವಿಕೊಂಡಳು.
ಎಸ್ನಾತ್ ಉಪ್ಪಿನ ಕೈಯಲ್ಲೇ ಬಂದಳು.
ಹಳ್ಳ ದಾಟಿ ಲಿಗಿನೆಟಿಯನ್ನು ಎಬ್ಬಿಸಿದೆವು.
ಟಕ್, ಟಕ್, ತುಕ್ಕು, ಟಕ್.
ಸಾವಿನ ಖರ್ಚಿಗೆಂದು ಕಟ್ಟಿಟ್ಟ ಗಂಟು ಬಿಚ್ಚುತ್ತಾ
ಇದು ಸಾಯದಿರುವುದಕ್ಕೆ ಅಂದಳು ಫಲೇಸಿ.
ಮಾತು ಬಿಟ್ಟ ಮೇಲೆ ಅವಳಾಡಿದ ಮೊದಲ ಮಾತು.

ಈಗ ಹುಡುಗ ಬಾಣಲೆಯ ಹತ್ತಿರ ಹೋಗಿ
ಬೈಸಿಕೊಳ್ಳುವಷ್ಟು ಚೆನ್ನಾಗಿದ್ದಾನೆ.

ಮೊನ್ನೆ ಸಂತೆಯಲ್ಲಿ, ಎರಡು ಮಂಡಾಸಿಯ ಬೆಲೆಗೆ,
ಒಂದು ಸ್ಕ್ರೂ ಕೊಂಡೆ.
ಎಲ್ಲ ಮಲಗಿದ ಮೇಲೆ
ಚಾಕುವಿನ ತುದಿಯಲ್ಲಿ ಕೀಲು ಬಿಗಿ ಮಾಡಿದೆ.
ಆ ಖರ್ಚು ಯಾರ ಪುಸ್ತಕದಲ್ಲೂ ಇಲ್ಲ,
ಮೀನಿನ ಮುದ್ರೆಯೂ ಬಿದ್ದಿಲ್ಲ.
ಕೀಲಿ ಅವರು ಮೂವರ ಹತ್ತಿರ.
ಕೀಲಿನ ವಿಷಯ ನನ್ನ ಹತ್ತಿರ ಇರಲಿ.